ದುಡಿಯುವ ಕೈಗಳು

ಒಂದು ಮನೆಯಲ್ಲಿ ಹತ್ತು ಮಂದಿ ಇದ್ದಾರೆಂದು ಭಾವಿಸೋಣ. ಅವರಲ್ಲಿ ಐವರು ಮಕ್ಕಳಾದರೆ, ಉಳಿದ ಐವರ ದುಡಿಮೆ ಮಕ್ಕಳ ಅನ್ನ, ಬಟ್ಟೆ, ಪುಸ್ತಕಗಳಿಗೇ ಸವೆದುಹೋಗುತ್ತದೆ. ಅದೇ ಮನೆಯಲ್ಲಿ ಏಳು ಮಂದಿ ದುಡಿಯುವವರಾಗಿ ಮೂವರು ಮಾತ್ರ ಅವಲಂಬಿತರಾದರೆ, ನಾಲ್ಕು ಕಾಸು ಉಳಿತಾಯವಾಗಿ ಮನೆಯ ಮಾಡು ಗಟ್ಟಿಯಾಗುತ್ತದೆ. ಮನೆಯ ಸ್ಥಿತಿಯನ್ನು ಅಳೆಯಲು ತಲೆಯೆಣಿಕೆಯೊಂದೇ ಸಾಲದು. ಉಣ್ಣುವ ಬಾಯಿಗಳೆಷ್ಟು, ದುಡಿಯುವ ಕೈಗಳೆಷ್ಟು ಎಂಬುದನ್ನೂ ನೋಡಬೇಕು. ದೇಶದ ಮಾತೂ ಹಾಗೆಯೇ. ಜನಸಂಖ್ಯೆಯನ್ನು ಅಭ್ಯಸಿಸುವ ವಿದ್ವಾಂಸರು 15ರಿಂದ 64 ವರ್ಷದವರೆಗಿನವರನ್ನು ದುಡಿಯುವ ವಯಸ್ಸಿನವರೆಂದು ಎಣಿಸುತ್ತಾರೆ. ಒಟ್ಟು ಜನರಲ್ಲಿ ಇವರ ಪಾಲು ಕಾಲಕಾಲಕ್ಕೆ ಏರುತ್ತದೆ, ಇಳಿಯುತ್ತದೆ. ಈ ಏರಿಳಿತ ಒಂದು ದೇಶದ ಬಾಳನ್ನು ಹೇಗೆ ತಿದ್ದಬಲ್ಲುದೆಂಬುದಕ್ಕೆ ಮಾರಿಷಸ್ ದ್ವೀಪದ ಕಥೆ ಒಳ್ಳೆಯ ನಿದರ್ಶನ.

ಮಾರಿಷಸ್ ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರಿನ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರದಲ್ಲಿದೆ. ಅದರ ವಿಸ್ತಾರ ಚಿಕ್ಕ ದ್ವೀಪಗಳೂ ಸೇರಿ 2,040 ಚದರ ಕಿಲೋಮೀಟರ್ ಮಾತ್ರ. ಅಲ್ಲಿ ಮೂಲನಿವಾಸಿಗಳೆಂಬವರೇ ಇರಲಿಲ್ಲ. ಡಚ್ಚರು ಬಂದು ಹೋದರು, ಫ್ರೆಂಚರು ನೆಲೆಸಿದರು, 1810ರಲ್ಲಿ ದ್ವೀಪವು ಬ್ರಿಟಿಷರ ವಶವಾಯಿತು. ಕಬ್ಬಿನ ತೋಟಗಳಲ್ಲಿ ಆಫ್ರಿಕ, ಮಡಗಾಸ್ಕರ್‌ಗಳಿಂದ ಹಿಡಿದು ತಂದ ಗುಲಾಮರು ದುಡಿಯುತ್ತಿದ್ದರು. 1835ರಲ್ಲಿ ಗುಲಾಮಗಿರಿ ಅಲ್ಲಿ ರದ್ದಾಯಿತು. ಆ ಹೊತ್ತಿಗಾಗಲೇ ತೋಟದ ಒಡೆಯರು ಭಾರತದ ಕಡೆಗೆ ಕಣ್ಣು ಹಾಯಿಸಿದ್ದರು. 1834ರಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಕರಾರಿನ ಕೂಲಿಗಳಾಗಿ ಆ ದ್ವೀಪಕ್ಕೆ ಹೋದರು. ಅವರು ಬಂದಿಳಿದ ಪೋರ್ಟ್ ಲೂಯಿಯ ದಕ್ಕೆ ಇಂದು ‘ಆಪ್ರವಾಸಿ ಘಾಟ್’ ಎಂಬ ಹೆಸರಿನಿಂದ ವಿಶ್ವ ಪರಂಪರೆಯ ತಾಣವಾಗಿದೆ. ಮೊದಮೊದಲು ಬಂದವರಲ್ಲಿ ಹೆಚ್ಚಿನವರು ಗಟ್ಟಿಮುಟ್ಟಾದ ಗಂಡಸರು. ಒಡೆಯರಿಗೆ ಬೇಕಾಗಿದ್ದುದು ಕೈಗಳೇ ಹೊರತು ಕುಟುಂಬಗಳಲ್ಲ. ಆದರೆ ಮನುಷ್ಯನು ಬರಿಯ ಕೈಯಾಗಿ ಬಾಳಲಾರ. ಹೆಂಗಸರೂ ಬಂದರು, ಸಂಸಾರಗಳು ಬೆಳೆದವು, ಅನೇಕರು ಅಲ್ಲಿಯೇ ನೆಲೆಯೂರಿದರು.

ಬಹುಕಾಲ ಈ ಜನಸಮುದಾಯ ನಿಧಾನವಾಗಿಯೇ ಬೆಳೆಯಿತು. ಹುಟ್ಟಿದಷ್ಟೇ ವೇಗವಾಗಿ ಸಾವೂ ಬರುತ್ತಿತ್ತು. 1860ರ ದಶಕದಲ್ಲಿ ಹಬ್ಬಿದ ಮಲೇರಿಯಾ ಹತ್ತಾರು ಸಾವಿರ ಜನರನ್ನು ಬಲಿತೆಗೆದುಕೊಂಡು, ಅಲ್ಲಿಂದ ಮುಂದೆ ದ್ವೀಪವನ್ನು ಬಿಟ್ಟು ಕದಲಲಿಲ್ಲ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮನೆಮನೆಗೂ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಮರಣ ಪ್ರಮಾಣ ಅರ್ಧಕ್ಕೆ ಇಳಿಯಿತು. ಜನನ ಪ್ರಮಾಣವಾದರೋ ಇಳಿಯಲಿಲ್ಲ. ಜನಸಂಖ್ಯೆ ವರ್ಷಕ್ಕೆ ನೂರಕ್ಕೆ ಮೂರರಂತೆ ಏರತೊಡಗಿತು. ಆ ವೇಗದಲ್ಲಿ ಇಪ್ಪತ್ತನಾಲ್ಕು ವರ್ಷಗಳೊಳಗೆ ಜನ ಇಮ್ಮಡಿಯಾಗುತ್ತಾರೆ! 1960ರ ಸುಮಾರಿಗೆ ನೂರು ಮಂದಿಯಲ್ಲಿ ಸುಮಾರು 45 ಮಂದಿ ಹದಿನೈದು ತುಂಬದ ಮಕ್ಕಳು. ದುಡಿಯುವ ವಯಸ್ಸಿನವರ ಪಾಲು ಅರ್ಧದಷ್ಟಕ್ಕೆ ಬಂದು ನಿಂತಿತು.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಅವರು ಆಗ ದ್ವೀಪದ ಸ್ಥಿತಿಯನ್ನು ಪರಿಶೀಲಿಸಿದರು. ಇವರು ಮುಂದೆ 1977ರಲ್ಲಿ ನೊಬೆಲ್ ಪಾರಿತೋಷಿಕ ಪಡೆದವರು. ಇದ್ದುದು ಅಂಗೈಯಷ್ಟು ನೆಲ, ನಂಬಿದ್ದುದು ಸಕ್ಕರೆಯೊಂದನ್ನೇ, ಅದನ್ನೂ ಚಂಡಮಾರುತ ಬೀಸಿದರೆ ಉಳಿಸಿಕೊಳ್ಳುವಂತಿರಲಿಲ್ಲ. 1960ರ ಫೆಬ್ರವರಿಯಲ್ಲಿ ‘ಕ್ಯಾರಲ್’ ಎಂಬ ಚಂಡಮಾರುತ ಮನೆ, ಬೆಳೆಗಳನ್ನು ನೆಲಸಮ ಮಾಡಿತ್ತು. ಹೀಗಿರುವಾಗ ಈ ದ್ವೀಪದ ಮುನ್ನಡೆಯ ಬಗ್ಗೆ ಹೆಚ್ಚಿನ ಭರವಸೆ ಇಡುವಂತಿಲ್ಲವೆಂದು ಮೀಡ್ ಅವರು ಭಾವಿಸಿದರು. ಅದೇ ಕಾಲದಲ್ಲಿ ರಿಚರ್ಡ್ ಟಿಟ್ಮಸ್ ಮತ್ತು ಅವರ ಸಹೋದ್ಯೋಗಿಗಳು ಕುಟುಂಬ ಯೋಜನೆಯ ಅಗತ್ಯವನ್ನು ಒತ್ತಿಹೇಳಿದರು.

ಆದರೆ ಭವಿಷ್ಯ ಆ ವಿದ್ವಾಂಸರು ಹೆದರಿದಂತೆ ನಡೆಯಲಿಲ್ಲ. 1957ರಲ್ಲಿ ಅಲ್ಲಿ ಕುಟುಂಬ ಯೋಜನಾ ಸಂಘ ಹುಟ್ಟಿತ್ತು. ಕೃತಕ ವಿಧಾನಗಳನ್ನು ಒಪ್ಪದ ಕ್ಯಾಥೊಲಿಕರು ತಮ್ಮ ನಂಬಿಕೆಗೆ ಹೊಂದುವ ವಿಧಾನವನ್ನು ಬೋಧಿಸಲು 1963ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಸರ್ಕಾರ ಇಬ್ಬರಿಗೂ ನೆರವಾಯಿತು. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲೇರಿದರು. 1960ರ ಸುಮಾರಿಗೆ ತಾಯಿಗೆ ಸರಾಸರಿ ಆರು ಮಕ್ಕಳಿದ್ದ ದ್ವೀಪದಲ್ಲಿ 1970ರ ದಶಕದ ಆರಂಭಕ್ಕೆ ಆ ಸಂಖ್ಯೆ ಮೂರೂವರೆಯ ಆಸುಪಾಸಿಗೆ ಇಳಿಯಿತು. ಇದೆಲ್ಲವೂ ಬಲಾತ್ಕಾರವಿಲ್ಲದೆ, ತಿಳಿವಳಿಕೆಯಿಂದ ಆದ ಬದಲಾವಣೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 1950ರ ದಶಕದಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ಎರಡು ದಶಕ ಕಳೆಯುವಷ್ಟರಲ್ಲಿ ದುಡಿಯುವ ವಯಸ್ಸಿಗೆ ಬಂದಿತು. ಅದರ ಹಿಂದೆ ಬಂದ ಮಕ್ಕಳ ಸಾಲು ಚಿಕ್ಕದಾಗುತ್ತ ಹೋಯಿತು. ಮುಂದಿದ್ದ ವೃದ್ಧರ ಸಾಲೂ ಚಿಕ್ಕದೇ. ಹೀಗಾಗಿ 1980ರ ದಶಕದ ಆರಂಭಕ್ಕೆ ಹತ್ತರಲ್ಲಿ ಆರು ಮಂದಿ ದುಡಿಯುವ ವಯಸ್ಸಿನವರಾದರು. ಆದರೆ ದುಡಿಯುವ ವಯಸ್ಸು ಬೇರೆ, ದುಡಿಮೆ ಬೇರೆ. ಆ ವರ್ಷಗಳಲ್ಲಿ ಕೆಲಸ ಬಯಸಿದವರಲ್ಲಿ ಐವರಿಗೊಬ್ಬರಂತೆ ನಿರುದ್ಯೋಗಿಗಳಿದ್ದರು. ಕೆಲಸ ಸಿಗದ ಕೈ ಮನೆಗೂ ಭಾರ, ದೇಶಕ್ಕೂ ಭಾರ.

1968ರ ಮಾರ್ಚ್ 12ರಂದು ಸ್ವತಂತ್ರವಾದ ಈ ದೇಶ, 1970ರಲ್ಲಿಯೇ ರಫ್ತಿಗಾಗಿ ಸರಕು ತಯಾರಿಸುವ ಕಾರ್ಖಾನೆಗಳಿಗೆ ವಿಶೇಷ ರಿಯಾಯಿತಿ ನೀಡುವ ಕಾಯಿದೆ ಮಾಡಿತ್ತು. 1980ರ ದಶಕದಲ್ಲಿ ಅದು ಫಲ ಕೊಟ್ಟಿತು. ಸಿದ್ಧ ಉಡುಪುಗಳ ಮತ್ತು ಉಣ್ಣೆಯ ಹೆಣಿಗೆಯ ಕಾರ್ಖಾನೆಗಳು ಎದ್ದವು. ಅವುಗಳಲ್ಲಿ ದುಡಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಪ್ರವಾಸೋದ್ಯಮವೂ ಬೆಳೆಯಿತು. ದಶಕ ಮುಗಿಯುವ ಹೊತ್ತಿಗೆ ಕೆಲಸಕ್ಕೆ ಜನ ಸಿಗುತ್ತಿಲ್ಲವೆಂಬ ಮಾತು ಕೇಳಿಬಂತು! 1970ರ ದಶಕದಲ್ಲಿಯೇ ಪ್ರೌಢಶಿಕ್ಷಣವನ್ನು ಉಚಿತವಾಗಿಸಿದ್ದರಿಂದ, ಮುಂದಿನ ಪೀಳಿಗೆ ಹೆಚ್ಚು ಕಲಿತು ಹೊರಬಂದಿತು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯಿದೆ. ಮಾರಿಷಸ್ಸಿನ ಜನ ಗಾಳಿ ಬಂದಾಗ ಮೊರ ಹಿಡಿದು ನಿಂತಿದ್ದರು.

ಆದರೆ ಗಾಳಿ ಸದಾ ಬೀಸುವುದಿಲ್ಲ. 2010ರ ದಶಕದಲ್ಲಿ ದುಡಿಯುವ ವಯಸ್ಸಿನವರ ಪಾಲು ಹತ್ತರಲ್ಲಿ ಏಳರಷ್ಟಾಗಿ ತನ್ನ ಎತ್ತರವನ್ನು ಮುಟ್ಟಿತು. ತಾಯಿಗೆ ಎರಡು ಮಕ್ಕಳಿಲ್ಲದಿದ್ದರೆ ಒಂದು ಪೀಳಿಗೆ ತನ್ನ ಜಾಗವನ್ನು ತುಂಬಿಕೊಡಲಾರದು. ಮಾರಿಷಸ್ಸಿನಲ್ಲಿ ಈಗ ಆ ಸಂಖ್ಯೆ ಒಂದೂವರೆಗಿಂತಲೂ ಕಡಮೆ. 2022ರ ಜನಗಣತಿಯಲ್ಲಿ ಕಂಡುಬಂದ ಸುಮಾರು 12 ಲಕ್ಷ 35 ಸಾವಿರ ಜನ, 2011ರಲ್ಲಿದ್ದವರಿಗಿಂತ ಹೆಚ್ಚಿರಲಿಲ್ಲ. ಒಂದು ಕಾಲಕ್ಕೆ ಶಾಲೆಗಳನ್ನು ತುಂಬಿದ್ದ, ಬಳಿಕ ಕಾರ್ಖಾನೆಗಳನ್ನು ತುಂಬಿದ ಪೀಳಿಗೆಯೇ ಈಗ ವೃದ್ಧರ ಸಾಲನ್ನು ತುಂಬುತ್ತಿದೆ. 1960ರ ದಶಕದಲ್ಲಿ ನೂರಕ್ಕೆ ಮೂವರಷ್ಟಿದ್ದ 65 ದಾಟಿದವರು 2020ರ ದಶಕದ ಆರಂಭಕ್ಕೆ ಹನ್ನೆರಡು ಹದಿಮೂರರಷ್ಟಾದರು.

ಈ ದ್ವೀಪದಲ್ಲಿ ಅರವತ್ತು ತುಂಬಿದ ಎಲ್ಲರಿಗೂ, ಬಡವರು ಬಲ್ಲಿದರೆನ್ನದೆ, ಸರ್ಕಾರ ಪಿಂಚಣಿ ಕೊಡುವ ಪದ್ಧತಿ ದಶಕಗಳಿಂದ ನಡೆದುಬಂದಿತ್ತು. ವೃದ್ಧರು ಕೆಲವರೇ ಇದ್ದಾಗ ಅದು ಹಗುರವಾಗಿತ್ತು. 2025ರ ಜೂನ್ ತಿಂಗಳ ಆಯವ್ಯಯದಲ್ಲಿ, ಪಿಂಚಣಿಯ ವಯಸ್ಸನ್ನು ಹಂತಹಂತವಾಗಿ 65ಕ್ಕೆ ಏರಿಸುವ ತೀರ್ಮಾನವನ್ನು ಸರ್ಕಾರ ಪ್ರಕಟಿಸಿತು. ಜನರು ಬೀದಿಗಿಳಿದು ಪ್ರತಿಭಟಿಸಿದರು. ಬೊಕ್ಕಸದ ಲೆಕ್ಕ ಸುಳ್ಳಲ್ಲ. ಹರೆಯದಿಂದಲೂ ಬಿಸಿಲಿನಲ್ಲಿ ಕಬ್ಬು ಕಡಿದವನಿಗೆ, ಯಂತ್ರದ ಮುಂದೆ ನಿಂತು ಕಣ್ಣು ಸವೆಸಿದವಳಿಗೆ ಅರವತ್ತರ ನಂತರದ ಐದು ವರ್ಷಗಳು ಎಷ್ಟು ದೀರ್ಘವೆಂಬುದೂ ಸುಳ್ಳಲ್ಲ.

ಕೈಗಳ ಕೊರತೆಯನ್ನು ನೀಗಲು ಆ ದೇಶ ಬಾಂಗ್ಲಾದೇಶ, ಭಾರತ, ನೇಪಾಳ, ಮಡಗಾಸ್ಕರ್‌ಗಳಿಂದ ಕೆಲಸಗಾರರನ್ನು ಕರೆಸಿಕೊಳ್ಳುತ್ತಿದೆ. ಕಡಲು ದಾಟಿ ಬಂದ ಕೂಲಿಗಳ ಮರಿಮಕ್ಕಳು ಇಂದು ಕಡಲಾಚೆಯ ಕೈಗಳನ್ನು ಎದುರುನೋಡುತ್ತಿದ್ದಾರೆ. ಅಂದು ಬಂದವರು ಬರಿಯ ಕೈಗಳಾಗಿ ಎಣಿಕೆಗೆ ಬಂದಿದ್ದರು. ಇಂದು ಬರುವವರನ್ನು ಮನುಷ್ಯರಂತೆ ಕಾಣುವುದು, ದುಡಿದು ದಣಿದವರನ್ನು ಕೈಬಿಡದಿರುವುದು, ಇರುವ ಕೆಲವೇ ಮಕ್ಕಳನ್ನು ಚೆನ್ನಾಗಿ ಬೆಳೆಸುವುದು: ಇವು ಆ ದ್ವೀಪದ ಮುಂದಿರುವ ಹೊಣೆಗಳು. ದುಡಿಯುವ ವಯಸ್ಸಿನವರ ಪಾಲು ಕಾಲಕ್ಕೆ ತಕ್ಕಂತೆ ಏರಲಿ, ಇಳಿಯಲಿ. ದುಡಿದವರ ಮೇಲಿನ ಗೌರವ ಇಳಿಯದಂತೆ ನೋಡಿಕೊಳ್ಳುವುದು ಮಾತ್ರ ಮನುಷ್ಯರ ಕೈಯಲ್ಲಿಯೇ ಇದೆ.