ಐದೂವರೆ ರೂಪಾಯಿ ಐನೂರ ಹನ್ನೊಂದಾದದ್ದು

ತೆಕ್ಕಲಕೋಟೆಯ ಪರಿಚಯದ ಹುಡುಗನೊಬ್ಬ ಅಜ್ಜನ ಕಿರ್ದಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಹಾಳೆ, ಮಾಸಿದ ಶಾಯಿ. ಮೊದಲ ಇಪ್ಪತ್ತು ಪುಟ ಕೂಡಿಸುವಷ್ಟರಲ್ಲಿ ಅಜ್ಜ ಜಿಲ್ಲೆಗೇ ದೊಡ್ಡ ಸಾಹುಕಾರ ಆಗಿಬಿಟ್ಟಿದ್ದರು. ಒಂದು ಗಾಡಿ ಮೇವಿಗೆ 511 ರೂಪಾಯಿ, ಅದೂ ಸ್ವಾತಂತ್ರ್ಯಕ್ಕೆ ಮುಂಚೆ! ಪುಟ ತೆಗೆಸಿ ನೋಡಿದೆ. ಅಲ್ಲಿದ್ದದ್ದು 5, ಪಕ್ಕದಲ್ಲಿ ಎರಡು ನಿಂತ ಗೆರೆ. ಮೊಮ್ಮಗ ಗೆರೆಗಳನ್ನು ಹನ್ನೊಂದು ಎಂದು ಓದಿದ್ದ. ಅದು ಐದೂವರೆ ರೂಪಾಯಿ.

ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲದ ಬರಹ ಅದು. ಒಂದು ನಿಂತ ಗೆರೆ ಎಂದರೆ ಕಾಲು, ನಾಲ್ಕಾಣೆ. ಎರಡು ಗೆರೆ ಎಂಟಾಣೆ, ಮೂರು ಗೆರೆ ಬಾರಾಣೆ. ಬಿಡಿ ಆಣೆಗಳಿಗೆ ಓರೆಯಾಗಿಯೋ ಅಡ್ಡವಾಗಿಯೋ ಎಳೆದ ಸಣ್ಣ ಗೆರೆಗಳು. ಒಂದೊಂದೂ ವೀಸ, ಅಂದರೆ ಹದಿನಾರರಲ್ಲೊಂದು. ಹತ್ತಾಣೆ ಬರೆಯಬೇಕೆಂದರೆ ಎರಡು ನಿಂತ ಗೆರೆ, ಎರಡು ಓರೆ ಗೆರೆ, ಮುಗಿಯಿತು. ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ ಎಂದು ಈಗಲೂ ಆಡುತ್ತೇವೆ. ಆ ಬಾರಾಣೆಯನ್ನು ಬರೆದು ತೋರಿಸಿ ಎಂದರೆ ಹೆಚ್ಚಿನವರ ಕೈ ತಡವರಿಸುತ್ತದೆ. 1957ರ ಏಪ್ರಿಲ್ 1ರಂದು ನೂರು ನಯಾಪೈಸೆಯ ಲೆಕ್ಕ ಬಂದ ಮೇಲೆ ಈ ಗೆರೆಗಳು ಶಾಲೆಯಿಂದಲೂ ಅಂಗಡಿಯಿಂದಲೂ ಮೆಲ್ಲಗೆ ಹೊರಟುಹೋದವು.

ಆದರೆ ಕಂಪ್ಯೂಟರಿನಲ್ಲಿ ಅವಕ್ಕೆ ಜಾಗವಿಲ್ಲ ಅಂದುಕೊಂಡರೆ ತಪ್ಪು. 2009ರಲ್ಲಿ ಬಂದ ಯೂನಿಕೋಡ್ 5.2ನೇ ಆವೃತ್ತಿಯಲ್ಲೇ ಕಾಲು ꠰, ಅರೆ ꠱, ಮುಕ್ಕಾಲು ꠲ ಗೆರೆಗಳಿಗೂ ವೀಸದ ಗೆರೆಗಳಿಗೂ ಸ್ವಂತ ಸಂಖ್ಯೆ ಸಿಕ್ಕಿದೆ. ಅಲ್ಲಿ ಇವಕ್ಕಿಟ್ಟ ಹೆಸರಿನಲ್ಲಿ ಉತ್ತರ ಭಾರತ ಇದ್ದರೂ ಕನ್ನಡವೂ ಇವನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿದೆ. ಕೀಲಿಮಣೆಯಲ್ಲಿ ಇವು ಕಾಣುವುದಿಲ್ಲ, ನಿಜ. ವರ್ಡ್‌ನಲ್ಲಿ ಎ831 ಎಂದು ಇಂಗ್ಲಿಷ್ ಅಕ್ಷರ-ಅಂಕಿಯಲ್ಲಿ ಹೊಡೆದು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಅರೆ ಗೆರೆ ಬರುತ್ತದೆ. ಫಾಂಟಿನಲ್ಲಿ ಆ ಗುರುತು ಇರದಿದ್ದರೆ ಖಾಲಿ ಡಬ್ಬಿ ಕಾಣುತ್ತದೆ, ಅಷ್ಟೇ. ಒಳಗಿನ ಸಂಖ್ಯೆ ಕೆಡುವುದಿಲ್ಲ.

ಕೆಡುವುದು ಬೇರೆ ಕಡೆ. ಅರೆ ಗೆರೆಯೂ ಪದ್ಯದ ಕೊನೆಗೆ ಹಾಕುವ ಜೋಡಿ ದಂಡವೂ ಕಣ್ಣಿಗೆ ಅಣ್ಣತಮ್ಮಂದಿರು. ಟೈಪ್ ಮಾಡುವವರು ದಂಡವನ್ನೇ ಒತ್ತುತ್ತಾರೆ. ಆಗ ಕಂಪ್ಯೂಟರಿಗೆ ಅದು ವಿರಾಮಚಿಹ್ನೆ, ಹುಡುಕಿದರೆ ಅರ್ಧ ರೂಪಾಯಿ ಸಿಗುವುದೇ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ಒಂದು ಚೆಂದದ ಸಂಗತಿ ಇದೆ. ಕನ್ನಡ ಶಾಸನಗಳಲ್ಲಿ ಗದ್ಯಾಣ ಎಂಬ ಚಿನ್ನದ ನಾಣ್ಯಕ್ಕೆ ಬಿಡಿಸಿ ಬರೆಯುವ ಬದಲು ‘ಗ’ ಎಂದಷ್ಟೇ ಕೊರೆಯುತ್ತಿದ್ದರು, ಪಣಕ್ಕೆ ‘ಪ’. ಮುಂದೆ ಅದೇ ‘ಗ’ ವರಹಕ್ಕೂ ನಡೆಯಿತು. ನಮ್ಮ ಬಳ್ಳಾರಿ ಸೀಮೆ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಕನ್ನಡ ಶಾಸನಗಳನ್ನು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೇ ಸಂಪುಟವಾಗಿ ಅಚ್ಚು ಹಾಕಿದರು, ಅದರ ಮೊದಲ ಭಾಗ ಬಂದದ್ದು 1939ರಲ್ಲಿ. ಇಂಥ ಸಂಪುಟಗಳಲ್ಲಿ ಒಂಟಿ ‘ಗ’ ಕಂಡರೆ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. ವರಹದ ಲೆಕ್ಕವನ್ನು ಮದ್ರಾಸ್ ಸರ್ಕಾರ 1818ರಲ್ಲಿ ಬಿಟ್ಟು ರೂಪಾಯಿ ಹಿಡಿಯಿತು, ನೂರು ವರಹಕ್ಕೆ 350 ರೂಪಾಯಿಯಂತೆ. ಪೌಂಡಿನ ಗುರುತಿಗೆ ಪರದಾಡುವ ಕೀಲಿಮಣೆಗಳ ಲೋಕದಲ್ಲಿ ನಮ್ಮ ಹಳೆಯ ನಾಣ್ಯದ ಗುರುತು ಕನ್ನಡದ ಎಲ್ಲ ಕೀಲಿಮಣೆಯಲ್ಲೂ ಇದೆ!

ರೂಪಾಯಿಯ ಹೊಸ ಗುರುತಿನ ಪಾಡು ಇಷ್ಟು ಸುಲಭವಾಗಿರಲಿಲ್ಲ. ಡಿ. ಉದಯಕುಮಾರ್ ರಚಿಸಿದ ₹ ಗುರುತನ್ನು ಕೇಂದ್ರ ಸರ್ಕಾರ 2010ರ ಜುಲೈ 15ರಂದು ಒಪ್ಪಿತು. ಅದಕ್ಕಿನ್ನೂ ಯೂನಿಕೋಡ್ ಸಂಖ್ಯೆಯೇ ಇಲ್ಲದಿದ್ದಾಗ ಮಂಗಳೂರಿನ ಫೊರೇಡಿಯನ್ ಕಂಪನಿ ಒಂದು ಫಾಂಟ್ ಮಾಡಿ ಹಂಚಿತು. ಟ್ಯಾಬ್ ಮೇಲಿನ ಕೀಲಿ ಒತ್ತಿದರೆ ರೂಪಾಯಿ. ಜಾಣತನವೇ, ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ರೂಪಾಯಿಯ ಜಾಗದಲ್ಲಿ ನೊಣದ ಕಾಲಿನಂಥ ` ಗೀರೊಂದು ಕೂತಿರುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ನಿಜವಾದ ಸಂಖ್ಯೆ ಬಂತು. ಹಳೆಯ ಕಡತಗಳಲ್ಲಿ ಆ ಗೀರು ಇನ್ನೂ ಉಳಿದಿದೆ.

ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಇದೆಲ್ಲದರ ಗೋಜಿಲ್ಲ. ಗದ್ದೆ ಗುತ್ತಿಗೆಯ ಕರಾರು ಬರೆಸಲು ಹೋದರೆ ‘ರೂ. 50,000/-’ ಎಂದೇ ಹೊಡೆಯುತ್ತಾರೆ. ಕೊನೆಯ ಆ ಓರೆಗೆರೆ, ಅಡ್ಡಗೆರೆ ಏಕೆ ಎಂದು ಕೇಳಿದೆ. ‘ಮುಂದ ಯಾರೂ ಸೊನ್ನಿ ಸೇರಿಸಬಾರದಲ್ರಿ’ ಅಂದರು. ಅದೂ ಸರಿಯೇ. ರೂಪಾಯಿ, ಆಣೆ, ಪೈಗಳನ್ನು ಗೆರೆ ಎಳೆದು ಬೇರೆಮಾಡುತ್ತಿದ್ದ ಕಾಲದಲ್ಲಿ ಆ ಅಡ್ಡಗೆರೆಗೆ ‘ಆಣೆ ಇಲ್ಲ’ ಎಂಬ ಅರ್ಥವಿತ್ತು. ಆಣೆ ಹೋಗಿ ಅರವತ್ತು ವರ್ಷದ ಮೇಲಾದರೂ ಇಲ್ಲದ ಆಣೆಯನ್ನು ಇಲ್ಲ ಎಂದು ಬರೆಯುತ್ತಲೇ ಇದ್ದೇವೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕಿರ್ದಿ, ಖಾತೆ ಪುಸ್ತಕ ಇರಬಹುದು. ಟೈಪ್ ಮಾಡಲು ಕೂರುವ ಮುನ್ನ ಪ್ರತಿ ಪುಟದ ಫೋಟೊ ತೆಗೆದಿಡಿ. ರೂಪಾಯಿಗೊಂದು, ಆಣೆಗೊಂದು, ಪೈಗೊಂದು ಕಾಲಂ ಮಾಡಿ, ಗೆರೆಯನ್ನು ಗೆರೆಯಾಗಿಯೇ ಪಕ್ಕದಲ್ಲಿ ಬರೆಯಿರಿ. ಅರ್ಥವಾಗದ್ದನ್ನು ಊರಿನ ಹಿರಿಯರ ಹತ್ತಿರ ಕೇಳಿ, ಅವರಿರುವಾಗಲೇ.