ಮರದ ಸಾಮಾನಿಗೆ ಅಗಸೆ ಎಣ್ಣೆ: ಒರೆಸಿದ ಬಟ್ಟೆ ಜೋಪಾನ

ನಮ್ಮದು ಜಗಳೂರು ತಾಲ್ಲೂಕಿನ ಮಳೆ ನಂಬಿದ ಬೇಸಾಯ. ಟ್ರ್ಯಾಕ್ಟರ್ ಬಂದರೂ ನಾವು ಕೂರಿಗೆ, ಎಡೆಕುಂಟೆ, ಗುದ್ದಲಿ ಬಿಟ್ಟಿಲ್ಲ. ಬೇಸಿಗೆಯಲ್ಲಿ ಇವಕ್ಕೆ ಕಾವು ಕೂರಿಸೋದು, ಬೆಣೆ ಹೊಡೆಯೋದು ನನ್ನದೇ ಕೆಲಸ. ಜಾಲಿ ಮರ ಎಷ್ಟು ಗಟ್ಟಿ ಇದ್ದರೂ ಬಿಸಿಲಿಗೆ ಸೀಳುತ್ತದೆ, ಮಳೆಗೆ ಉಬ್ಬುತ್ತದೆ. ಇದನ್ನು ಕಡಿಮೆ ಮಾಡಲೆಂದೇ ಎಣ್ಣೆ ಹಚ್ಚುವುದು.

ಮೊದಲು ನಾನು ಗುದ್ದಲಿ ಕಾವಿಗೆ ವಾರ್ನಿಷ್ ಹೊಡೆದೆ. ನೋಡಲು ಚಂದ. ಆದರೆ ಅದು ಮರದ ಮೇಲೆ ಪದರವಾಗಿ ಕೂರುತ್ತದೆ. ಬೆವರಿದ ಕೈಗೆ ಜಾರಿ ಅಂಗೈ ಬೊಕ್ಕೆ ಬಂತು, ಆಮೇಲೆ ಸಿಪ್ಪೆ ಎದ್ದಿತು. ಮುಂದೆ ಹೊಂಗೆ ಎಣ್ಣೆ ಹಚ್ಚಿದೆ. ಹೊಂಗೆ, ಹರಳೆಣ್ಣೆ ಇವು ಒಣಗುವ ಎಣ್ಣೆಗಳಲ್ಲ. ಜಿಗಿ ಉಳಿದು ದೂಳು ಅಂಟಿತು.

ಅಗಸೆ ಎಣ್ಣೆಯ ಗುಣವೇ ಬೇರೆ. ಅದು ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಮರದೊಳಗೇ ಗಟ್ಟಿಯಾಗುತ್ತದೆ. ಗಾಣದ ಹಸಿ ಎಣ್ಣೆಗೆ ವಾರಕ್ಕೂ ಹೆಚ್ಚು ಬೇಕಾಗಬಹುದು. ಬಣ್ಣದ ಅಂಗಡಿಯ 'ಬಾಯ್ಲ್ಡ್' ಎಣ್ಣೆ ಒಂದೆರಡು ದಿನಕ್ಕೆ ಒಣಗುತ್ತದೆ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ಹಾಗಾಗಿ ಲಟ್ಟಣಿಗೆ, ಮುದ್ದೆ ಕೋಲಿಗೆ ಅದು ಬೇಡ, ಗಾಣದ್ದೇ ಇರಲಿ.

ಹಚ್ಚುವ ಕ್ರಮ ಸುಲಭ. ಮರ ಚೆನ್ನಾಗಿ ಒಣಗಿರಬೇಕು. ಮೊದಲು 80, ಆಮೇಲೆ 120ನೇ ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೆ ತಿಕ್ಕಿ ದೂಳು ಒರೆಸಿ. ಮೊದಲ ಸಲ ಬಾಯ್ಲ್ಡ್ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿದರೆ ಆಳಕ್ಕೆ ಇಳಿಯುತ್ತದೆ. ಅಡಿಗೆ ಸಾಮಾನಿಗೆ ಟರ್ಪೆಂಟೈನೂ ಬೇಡ. ಬಟ್ಟೆಯಿಂದ ತೆಳುವಾಗಿ ಹಚ್ಚಿ. ಕಾವಿನ ಕೊಯ್ದ ತುದಿ ಹೆಚ್ಚು ಕುಡಿಯುತ್ತದೆ, ಅಲ್ಲಿ ಎರಡು ಸಲ ಹಚ್ಚಿ. ಕಾಲು ಗಂಟೆ ಬಿಟ್ಟು, ಮೇಲೆ ಉಳಿದ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಇದನ್ನು ಬಿಟ್ಟರೆ ಕೆಲಸ ಕೆಟ್ಟಂತೆ, ಅಂಟು ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಇನ್ನೊಂದು, ಮತ್ತೊಂದು ಕೈ. ಮೂರು ಸಾಕು. ಮುಂದೆ ವರ್ಷಕ್ಕೊಂದು.

ಈಗ ಮುಖ್ಯ ಮಾತು. ಒಂದು ಬೇಸಿಗೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಕೊಟ್ಟಿಗೆ ಮೂಲೆಗೆ ಎಸೆದೆ. ಪಕ್ಕದಲ್ಲೇ ಒಣಮೇವು. ಸಂಜೆ ದನ ಕಟ್ಟಲು ಹೋದ ಮಗ 'ಅಪ್ಪಾ, ಹೊಗೆ!' ಅಂತ ಕೂಗಿದ. ಯಾರೂ ಬೀಡಿ ಸೇದಿರಲಿಲ್ಲ, ದೀಪ ಇಟ್ಟಿರಲಿಲ್ಲ. ಉಂಡೆಯೇ ಒಳಗಿಂದ ಕರಕಲಾಗಿತ್ತು. ಇನ್ನೊಂದು ತಾಸು ತಡವಾಗಿದ್ದರೆ ಎರಡು ಎತ್ತು, ವರ್ಷದ ಮೇವು ನಮ್ಮ ಪಾಲಿಗೆ ಇರುತ್ತಿರಲಿಲ್ಲ.

ಕಾರಣ ಇಷ್ಟೇ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಅದು ಗಾಳಿಗೆ ಹೋಗುತ್ತದೆ. ಉಂಡೆಯಲ್ಲಿ ಸಿಕ್ಕಿಕೊಂಡು ಏರುತ್ತಾ ಹೋಗಿ ತಾನಾಗೇ ಹೊತ್ತಿಕೊಳ್ಳುತ್ತದೆ. ಮರಕ್ಕೆ ಹಚ್ಚಿದ ತೆಳು ಎಣ್ಣೆಯಿಂದ ಈ ಭಯವಿಲ್ಲ. ಬಟ್ಟೆಯನ್ನು ಮಾತ್ರ ಬಯಲಲ್ಲಿ, ಮೇವಿನಿಂದ ದೂರ, ಒಂದೊಂದಾಗಿ ಬಿಡಿಸಿ ಹರವಿ. ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಹೊನ್ನಾಳಿ, ನ್ಯಾಮತಿಯ ಗದ್ದೆಯವರು, ಚನ್ನಗಿರಿಯ ಅಡಿಕೆ ತೋಟದವರು ಇನ್ನೊಂದು ಗಮನಿಸಿ. ತೇವದ ಗಾಳಿಯಲ್ಲಿ ಹಸಿ ಎಣ್ಣೆ ನಿಧಾನ, ಬೂಸ್ಟು ಬರುವುದೂ ಉಂಟು. ಮಳೆಗೆ ಮುಂಚೆ, ಬಿಸಿಲಿರುವಾಗಲೇ ಮುಗಿಸಿಕೊಳ್ಳಿ. ಎಣ್ಣೆ ಹಚ್ಚಿದ್ದೇವೆ ಅಂತ ಕೂರಿಗೆಯನ್ನು ಮಳೆಯಲ್ಲಿ ಬಿಡಬೇಡಿ. ಸೂರಿನ ಆಸರೆ ಅದಕ್ಕೂ ಬೇಕು.