ದಾರಿ ಮುಚ್ಚುವ ಮುನ್ನ ‘ಪ್ಯಾನ್ ಪ್ಯಾನ್’

2025ರ ಮೇ 21ರ ಸಂಜೆ. 220ಕ್ಕೂ ಹೆಚ್ಚು ಜನರನ್ನು ಹೊತ್ತು ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ಇಂಡಿಗೊ ವಿಮಾನಕ್ಕೆ ಪಠಾಣ್‌ಕೋಟ್ ಬಳಿ ಗುಡುಗು ಮೋಡ ಎದುರಾಯಿತು. ಎಡಕ್ಕೆ, ಪಾಕಿಸ್ತಾನದ ಗಡಿಯತ್ತ ಸರಿಯುತ್ತೇವೆಂದು ಪೈಲಟ್‌ಗಳು ವಾಯುಪಡೆಯ ನಾರ್ದರ್ನ್ ಕಂಟ್ರೋಲ್ ಅನ್ನು ಕೇಳಿದರು, ಒಪ್ಪಿಗೆ ಸಿಗಲಿಲ್ಲ. ತಮ್ಮ ವಾಯುಪ್ರದೇಶಕ್ಕೆ ಬರುವುದು ಬೇಡವೆಂದು ಲಾಹೋರ್‌ನ ನಿಯಂತ್ರಕರೂ ಹೇಳಿದರು. ಏಪ್ರಿಲ್‌ನಿಂದಲೇ ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ ಮುಚ್ಚಿತ್ತು. ಹಿಂತಿರುಗೋಣವೆಂದರೆ ಮೋಡ ಆಗಲೇ ತೀರಾ ಹತ್ತಿರ. ಅದರೊಳಗೇ ನುಗ್ಗಿದರು.

ಆಲಿಕಲ್ಲು ವಿಮಾನದ ಮೂತಿಯನ್ನು ಜಜ್ಜಿತು. ಆಟೊಪೈಲಟ್ ಕೈಬಿಟ್ಟಿತು, ವೇಗದ ಅಂಕಿಗಳನ್ನು ನಂಬುವಂತಿರಲಿಲ್ಲ, ಒಂದು ಹಂತದಲ್ಲಿ ವಿಮಾನ ನಿಮಿಷಕ್ಕೆ 8,500 ಅಡಿಯಂತೆ ಕುಸಿಯುತ್ತಿತ್ತು. ಕೈಯಾರೆ ಹಾರಿಸಿಕೊಂಡು ಹೊರಬಂದ ಪೈಲಟ್‌ಗಳು ಶ್ರೀನಗರಕ್ಕೆ ‘ಪ್ಯಾನ್ ಪ್ಯಾನ್’ ಘೋಷಿಸಿ ಎಲ್ಲರನ್ನೂ ಕ್ಷೇಮವಾಗಿ ಇಳಿಸಿದರು. ಆ ಕೈಗಳಿಗೆ ನಮಸ್ಕಾರ. ನನ್ನನ್ನು ಕಾಡುವುದು ಮೋಡದೊಳಗೆ ಹೋಗುವುದಕ್ಕೆ ಮೊದಲಿನ ನಿಮಿಷಗಳು.

ಅನುಮತಿ ಕೇಳುವುದು ಬೇರೆ, ತುರ್ತು ಘೋಷಿಸುವುದು ಬೇರೆ. ಜೀವಕ್ಕೇ ಅಪಾಯವಿದ್ದರೆ ‘ಮೇಡೇ’. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ‘ಪ್ಯಾನ್ ಪ್ಯಾನ್’. ಯಾವುದನ್ನೇ ಆಗಲಿ ಮೂರು ಸಲ ಹೇಳಿದರೆ ಆ ವಿಮಾನಕ್ಕೆ ಆದ್ಯತೆ ಸಿಗುತ್ತದೆ. ಮೋಡ ತಪ್ಪಿಸಲೆಂದೇ ‘ವೆದರ್ ಡೀವಿಯೇಷನ್ ರಿಕ್ವೈರ್ಡ್’ ಎಂಬ ನಿಗದಿತ ಮಾತೂ ಇದೆ. ಸುರಕ್ಷತೆಗೆ ಅನಿವಾರ್ಯವಾದರೆ ನಿಯಮ ಮೀರುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಭಾರತ-ಪಾಕಿಸ್ತಾನ ಕದನ ನಿಂತು ಎರಡು ವಾರವೂ ಆಗಿರದ ಗಡಿಯಲ್ಲಿ ಅದನ್ನು ಚಲಾಯಿಸುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೂ ತುರ್ತು ಘೋಷಿಸುವ ಮಾತು ಆಡಿದರೆ ನೆಲದಲ್ಲಿ ಕುಳಿತವರಿಗೆ ಇದು ಬರೀ ಕೋರಿಕೆಯಲ್ಲ ಎಂಬುದಾದರೂ ತಿಳಿಯುತ್ತದೆ.

ಆ ಮಾತು ಬಾರದೆ ಏನಾಯಿತೆಂಬುದಕ್ಕೆ 1990ರ ಜನವರಿ 25ರ ಅವಿಯಾಂಕಾ 52 ವಿಮಾನದ ದುರಂತ ಸಾಕ್ಷಿ. ನ್ಯೂಯಾರ್ಕ್‌ನ ಕೆಟ್ಟ ಹವೆಯಲ್ಲಿ ಒಂದು ಗಂಟೆ 17 ನಿಮಿಷ ಸುತ್ತು ಹೊಡೆಸಿಕೊಂಡ ಬೋಯಿಂಗ್ 707ರ ಇಂಧನ ಬತ್ತುತ್ತಿತ್ತು. ‘ಎಮರ್ಜೆನ್ಸಿ ಎಂದು ಹೇಳು’ ಎಂದು ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಸಹಪೈಲಟ್‌ಗೆ ಸೂಚಿಸಿದರು. ರೇಡಿಯೊದಲ್ಲಿ ಹೋದದ್ದು ‘ಇಂಧನ ಮುಗಿಯುತ್ತಿದೆ’ ಎಂಬಷ್ಟೇ ಮಾತು. ವಿಮಾನ ಲಾಂಗ್ ಐಲ್ಯಾಂಡ್‌ನ ಗುಡ್ಡಕ್ಕೆ ಬಿದ್ದು 73 ಜನ ಸತ್ತರು.

ಈಗ ಇಂಧನಕ್ಕೆ ಲೆಕ್ಕದ ಗೆರೆಯೊಂದಿದೆ: ಇಳಿಯುವಾಗ ಕೊನೆಯ ಮೀಸಲಿಗಿಂತ ಕಡಿಮೆ ಉಳಿಯುತ್ತದೆಂದು ಕಂಡರೆ ‘ಮೇಡೇ ಫ್ಯೂಯೆಲ್’ ಎನ್ನಲೇಬೇಕು. ಮೋಡಕ್ಕೆ ಅಂಥ ಗೆರೆ ಎಳೆಯಲಾಗದು. ಒಣ ಆಲಿಕಲ್ಲು ವಿಮಾನದ ರೇಡಾರ್‌ನಲ್ಲಿ ಮಸುಕಾಗಿಯೇ ಕಾಣುತ್ತದೆ. ಹಾಗಾಗಿ ತರಬೇತಿಯಲ್ಲಿ ಗೆರೆಯನ್ನು ಬೇರೆಡೆ ಎಳೆಯಬೇಕೆಂಬುದು ನನ್ನ ವಾದ: ಮೊದಲ ಕೋರಿಕೆ ತಿರಸ್ಕೃತವಾದಾಗ, ಹಿಂತಿರುಗುವ ದಾರಿ ಇನ್ನೂ ತೆರೆದಿರುವಾಗಲೇ, ಪೈಲಟ್ ‘ಪ್ಯಾನ್ ಪ್ಯಾನ್’ ಎನ್ನಲಿ. ಅನ್ನದಿದ್ದರೆ, ‘ತುರ್ತು ಘೋಷಿಸುತ್ತಿದ್ದೀರಾ?’ ಎಂದು ನಿಯಂತ್ರಕರೇ ಕೇಳಲಿ.